ಫೋಟೋ ಇಲ್ಲದ ಮದುವೆ

ನನ್ನ ಅಳಿಯ ನಿತ್ಯಾನಂದ ಹೆಂಡತಿಯ ಬಳಿ ಹೋಗಲು ಎರಡು ವರ್ಷ ಏಳು ತಿಂಗಳು ಕಾದ. ಹೆಂಡತಿ ಎಂದರೆ ನನ್ನ ಮಗಳು ದಿವ್ಯಶ್ರೀ. ಅವಳು ಐರ್ಲೆಂಡ್ ದೇಶದಲ್ಲಿ, ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಒಂದು ಕಡೆ ನರ್ಸ್. ಇವನು ಭಟ್ಕಳದ ಪಕ್ಕದ ನಮ್ಮೂರು ತೆಂಗಿನಗುಂಡಿಯಲ್ಲಿ ಮೀನು ಬೋಟಿನ ಕೆಲಸದವನು. ಗಂಡ ಹೊರದೇಶದಲ್ಲಿ, ಹೆಂಡತಿ ಊರಲ್ಲಿ, ಹೀಗೆ ಕಾದವರು ಭಟ್ಕಳದ ಕೇರಿ ಕೇರಿಯಲ್ಲಿ ಸಿಗುತ್ತಾರೆ. ಹೆಂಡತಿ ಹೊರದೇಶದಲ್ಲಿ, ಗಂಡ ಅತ್ತೆಯ ಮನೆಯಲ್ಲಿ, ಹೀಗೆ ಕಾದವನನ್ನು ನಾನು ಕಂಡದ್ದು ಇವನೊಬ್ಬನನ್ನೇ. ಅವನು ಹೇಗೆ ಕಾದ ಎಂದು ಹೇಳುತ್ತೇನೆ. ಅಷ್ಟು ಕಾಯಬೇಕಾಗಿ ಬಂದದ್ದು ಅರ್ಧ ನನ್ನಿಂದ. ಅದನ್ನೂ ಹೇಳುತ್ತೇನೆ.

ಅವನನ್ನು ಹುಡುಕಿದ್ದು ನನ್ನ ಗಂಡ ದುರ್ಗಪ್ಪ. ನಿತ್ಯಾನಂದ ಹೊನ್ನಾವರದ ಹತ್ತಿರ ಮಾವಿನಕುರ್ವೆಯವನು. ನಾಲ್ವರು ಅಣ್ಣತಮ್ಮಂದಿರಲ್ಲಿ ಕೊನೆಯವನು. ಹತ್ತನೇ ಇಯತ್ತೆ ಪಾಸಾಗಿ ಬೋಟಿಗೆ ಹೋದವನು. ದಿವ್ಯ ಆಗ ನರ್ಸಿಂಗ್ ಮುಗಿಸಿ ಐರ್ಲೆಂಡಿನ ಕೆಲಸಕ್ಕೆ ಪರೀಕ್ಷೆ ಬರೆಯುತ್ತಿದ್ದಳು.

"ಓದಿದ ಹುಡುಗಿಗೆ ಬೋಟಿನವ್ನ ತರ್ತ್ರಾ?" ಎಂದು ನಾನೇ ಕೇಳಿದೆ.

ಅವರು ಯಾರಿಗೂ ಹೇಳದೆ ಹೊನ್ನಾವರ ಬಂದರಕ್ಕೆ ಹೋಗಿ ಅರ್ಧ ದಿನ ಕೂತು ಬಂದರು. ಬಂದು ಕೈಕಾಲು ತೊಳೆದು ಹೇಳಿದರು: "ಹುಡುಗ ತನ್ನ ಬಲೆ ಹೊಲ್ದು ಮುಗ್ಸಿ ಬೇರೆಯವ್ರ ಬಲೆಗೂ ಕೈ ಹಾಕ್ತ. ಕರೀದೇ ಹೋಗಿ ಮಾಡ್ತ. ನಂಗೆ ಅಷ್ಟು ಸಾಕು."

ದಿವ್ಯ ಅವನ ಹತ್ತಿರ ಎರಡು ಸಲ ಮಾತಾಡಿದಳು. "ನಾ ಹೇಳೂದ್ನ ಪೂರ್ತಿ ಕೇಳ್ತ್ರು ಅಮ್ಮ. ಆತು," ಎಂದಳು.

ಮೇ ತಿಂಗಳಿಗೆ ಮದುವೆ ಎಂದು ಗೊತ್ತಾಯಿತು. ಹಾಲ್ ಹೇಳಿದ್ದೆವು. ಫೆಬ್ರವರಿಯಲ್ಲಿ ನನ್ನ ಗಂಡ ದಕ್ಕೆಯಲ್ಲಿ ಬಿದ್ದರು. ಬೋಟುಗಳು ಬಂದು ಮೀನು ಇಳಿಸುವಲ್ಲಿ, ಹರಾಜಿನ ಗದ್ದಲದ ನಡುವೆ. ನಾನು ನಾಲ್ಕು ಮಾರು ದೂರದಲ್ಲಿ ಬುಟ್ಟಿ ತುಂಬುತ್ತಿದ್ದೆ. ಓಡಿ ಹೋಗಿ ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. ಮೂವತ್ತೊಂದು ವರ್ಷ ಒಟ್ಟಿಗೆ ಇದ್ದೆವು. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ನಮ್ಮಲ್ಲಿ ಮನೆಯ ಯಜಮಾನ ಸತ್ತರೆ ವರ್ಷ ತುಂಬುವವರೆಗೆ ಶುಭಕಾರ್ಯ ಇಲ್ಲ. ಗೊತ್ತಾದ ಮದುವೆಯನ್ನು ನಿಲ್ಲಿಸಬಾರದು ಎಂದಾದರೆ, ಸೂತಕ ಕಳೆದ ಕೂಡಲೇ, ತಿಂಗಳೊಳಗೆ, ಸದ್ದಿಲ್ಲದೆ ಮುಗಿಸಬೇಕು. ದಿವ್ಯಳಿಗೆ ಏಪ್ರಿಲ್‌ನಲ್ಲಿ ಬಂದು ಕೆಲಸಕ್ಕೆ ಸೇರು ಎಂದು ಕಾಗದ ಬಂದಿತ್ತು. ವರ್ಷ ಕಾಯುವಂತಿರಲಿಲ್ಲ. ನನ್ನ ಗಂಡ ಹೋಗಿ ಇಪ್ಪತ್ತನಾಲ್ಕನೇ ದಿನ ಊರ ದೇವಸ್ಥಾನದಲ್ಲಿ ಮದುವೆ ಮಾಡಿದೆವು. ವಾಲಗ ಇಲ್ಲ, ಚಪ್ಪರ ಇಲ್ಲ, ಕರೆಯೋಲೆ ಇಲ್ಲ. ಎರಡೂ ಕಡೆ ಸೇರಿ ಹದಿನಾಲ್ಕು ಜನ. ನನ್ನ ಅಣ್ಣ ಶಿವ ಧಾರೆ ಎರೆದ. ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದೆ.

ಮಾಲೆ ಹಾಕುವಾಗ ನೆರೆಮನೆಯ ಅರ್ಚಿತಾ ಫೋನ್ ಎತ್ತಿ ಹಿಡಿದಳು. ನಾನು ಎದ್ದು ಹೋಗಿ ಅದನ್ನು ಕಸಿದುಕೊಂಡೆ.

"ಸಾವಿನ ಮನೆ ಮದುವೆ ಇದು. ಫೋಟೋ ಎಂತಕ್ಕೆ? ಒಬ್ರೂ ತೆಗೂಕಿಲ್ಲ," ಎಂದೆ.

ಒಬ್ಬರೂ ತೆಗೆಯಲಿಲ್ಲ. ಆ ದಿನ ನನ್ನ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಎರಡು ದಿನ ಬಿಟ್ಟು ಭಟ್ಕಳದ ಕಚೇರಿಯಲ್ಲಿ ಮದುವೆ ನೋಂದಣಿಯಾಯಿತು. ಅಲ್ಲಿ ತೆಗೆದ ಒಂದು ಫೋಟೋ ಇದೆ. ಇಬ್ಬರೂ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದಾರೆ. ಮದುವೆಯಾಗಿ ಇಪ್ಪತ್ತು ದಿನಕ್ಕೆ ದಿವ್ಯ ವಿಮಾನ ಹತ್ತಿದಳು.

ಅವಳು ಹೋಗಿ ಹದಿನೈದು ದಿನವಾಗಿರಬೇಕು. ನಿತ್ಯಾನಂದ ಒಂದು ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದ.

"ಅತ್ತೆ, ನಾ ಇನ್ನು ಇಲ್ಲೇ ಇರ್ತೆ. ಇಲ್ಲಿ ದಕ್ಕೇಲೂ ಬೋಟ್ ಅದೆ."

"ದಿವ್ಯ ಹೇಳಿ ಕಳ್ಸಿದ್ಲಾ?"

"ಇಲ್ಲ. ಅವ್ಳಿಗೆ ಇನ್ನೂ ಗೊತ್ತಿಲ್ಲ."

"ಜನ ಎಂತ ಹೇಳೂರು ತಮಾ?"

"ಹೇಳ್ಲಿ. ಅವ್ರಿಗೂ ಹೊತ್ತು ಹೋಗ್ಬೇಕಲ್ಲ."

ಒಳಗೆ ಬಂದು ಚೀಲ ಇಟ್ಟು, ಬಾವಿಯ ರಾಟೆ ಕಿರುಗುಟ್ಟುತ್ತಿದೆ ಎಂದು ಎಣ್ಣೆ ಕೇಳಿದ. ಅವನು ಬಂದದ್ದು ಹೀಗೆ.

ಜನ ಹೇಳಿದರು. ಮೀನು ಪೇಟೆಯಲ್ಲಿ ನನ್ನ ಪಕ್ಕ ಕೂರುವವಳು ಮಾದೇವಿ. ಅವಳ ಬಾಯಿ ಅವಳ ಕತ್ತಿಗಿಂತ ಹರಿತ. ಒಂದು ದಿನ ನಾಲ್ಕು ಗಿರಾಕಿಗಳ ಮುಂದೆಯೇ ಕೇಳಿದಳು:

"ಏ ಗಂಗಿ, ನಿನ್ನ ಸೊಸೆ ಅಡುಗೆ ಮಾಡಿಟ್ಟದ್ಯಾ?"

ಸೊಸೆ ಎಂದರೆ ನಿತ್ಯಾನಂದ. ಎಲ್ಲರೂ ನಕ್ಕರು.

"ಮಾಡಿಟ್ಟದೆ ಮಾರಾಯ್ತಿ. ಬಂಗುಡೆ ಸಾರು. ನಿನ್ನ ಮಗನ ಹಂಗೆ ತಟ್ಟೆ ಮುಂದೆ ಕೂತು ಕೂಗೂದಿಲ್ಲ," ಎಂದೆ.

ಮಾದೇವಿಯೂ ನಕ್ಕಳು. ನನಗೆ ಮನೆಗೆ ಬರುವವರೆಗೂ ಉರಿಯಿತು. ಅವನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ: "ಸಾರಿಗೆ ಹುಳಿ ಕಮ್ಮಿ ಆಗಿತ್ತು ಅಂತ ಹೇಳ್ಲಿಲ್ಲ ಅಲ್ದಾ?"

ಜೂನ್‌ನಲ್ಲಿ ವೀಸಾಕ್ಕೆ ಅರ್ಜಿ ಹಾಕಿದ. ಮೂರು ತಿಂಗಳು ಎಂದರು. ಆಮೇಲೆ ಆರು ಎಂದರು. ಆಮೇಲೆ ಏನೂ ಹೇಳಲಿಲ್ಲ. ಪೇಟೆಯ ಒಳಗೆ ನನ್ನ ಹಳೆಯ ಗಿರಾಕಿ ಒಬ್ಬರು ಬೀಬಿ ಇದ್ದಾರೆ. ಅವರ ಗಂಡ ದುಬೈಯಲ್ಲಿ. ಹನ್ನೊಂದು ವರ್ಷ ಕಾದವರು. ಮೀನು ಆರಿಸುತ್ತಾ ನನಗೆ ಹೇಳಿದರು: "ಗಂಗಮ್ಮಾ, ಕೆಲ್ಸ ಮಾತ್ರ ಬಿಡ್ಬೇಡ ಅಂತ ಹೇಳು ನಿನ್ನ ಜಮಾಯಿಗೆ. ಇವತ್ತು ಬರ್ತದೆ ನಾಳೆ ಬರ್ತದೆ ಅಂತ ಕೂತವ್ರು ಕೂತೇ ಹಾಳಾದ್ರು. ನಮ್ಮ ಓಣಿಯಲ್ಲೇ ತೋರಿಸ್ತೇನೆ, ಬಾ."

ಅವನಿಗೆ ಹೇಳಬೇಕಾಗಲಿಲ್ಲ. ಬೋಟಿಗೆ ಒಂದು ದಿನ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಬೋಟು ನಿಂತಾಗ ಇಡೀ ಊರಿನ ಬಲೆ ಹೊಲಿದ. ಸಮುದ್ರದಲ್ಲಿ ದೂರ ಹೋದ ಮೇಲೆ ಫೋನ್ ಸಿಗುವುದಿಲ್ಲ. ಅವನು ಅಲ್ಲಿಯೂ ಫೋನಿಗೆ ಮಾತಾಡಿ ಇಡುತ್ತಿದ್ದ. ಬಲೆ ಬಿಟ್ಟಾಗ ಒಮ್ಮೆ, ಎಳೆದ ಮೇಲೆ ಒಮ್ಮೆ, ಉಂಡ ಮೇಲೆ ಒಮ್ಮೆ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಹತ್ತಿದ ಕೂಡಲೇ ಎಲ್ಲವೂ ಒಟ್ಟಿಗೆ ದಿವ್ಯಳಿಗೆ ಹೋಗುತ್ತಿದ್ದವು. ಅವಳು ಬಸ್ಸಿನಲ್ಲಿ ಕೂತು ಒಂದೊಂದಾಗಿ ಕೇಳುತ್ತಿದ್ದಳು. ಇಂಜಿನ್ ಸದ್ದಿನಲ್ಲಿ ಅರ್ಧ ಕೇಳುವುದಿಲ್ಲ, ಆದರೂ ಕೇಳುತ್ತೇನೆ ಎಂದು ನನಗೆ ಹೇಳಿದ್ದಳು.

ಒಂಬತ್ತು ತಿಂಗಳ ಮೇಲೆ, ಮಾರ್ಚ್‌ನಲ್ಲಿ, ಉತ್ತರ ಬಂತು. ವೀಸಾ ಇಲ್ಲ. ದಿವ್ಯ ಫೋನಿನಲ್ಲಿ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮದುವೆ ನಿಜವಾದದ್ದು ಎಂದು ನಂಬಲು ಸಾಕಷ್ಟು ಆಧಾರ ಇಲ್ಲ. ಸಮಾರಂಭದ ಫೋಟೋ ಇಲ್ಲ. ಕರೆಯೋಲೆ ಇಲ್ಲ. ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಇಪ್ಪತ್ತೇ ದಿನ. ಇದು ತಪ್ಪು ಎನ್ನುವುದಾದರೆ ಎರಡು ತಿಂಗಳೊಳಗೆ ಮೇಲ್ಮನವಿ ಕಳಿಸಬೇಕು. ಅದು ಒಂದೇ ಸಲ. ಅದೂ ಹೋದರೆ ಮೊದಲಿನಿಂದ ಎಲ್ಲ ಮತ್ತೆ ಮಾಡಬೇಕು.

ನಿತ್ಯಾನಂದ ಕೇಳಿಸಿಕೊಂಡು ಫೋನ್ ಇಟ್ಟ. ಊಟ ಮಾಡಿದ. ಬೋಟಿಗೆ ಹೋದ.

ಅವನು ವಾಪಸು ಬಂದ ಮೇಲೆ ನಾನು ಹೇಳಿದೆ: "ನಾ ಆ ದಿನ ಅರ್ಚಿತಾನ ಫೋನ್ ಕಸೀದೇ ಇದ್ದಿದ್ರೆ ನೀ ಇಷ್ಟೊತ್ತಿಗೆ ಅಲ್ಲಿರ್ತಿದ್ದೆ."

"ನೀವು ಕಸೀದೇ ಇದ್ದಿದ್ರೂ ನಾ ಫೋಟೋಕ್ಕೆ ನಿಲ್ತಿದ್ದಿಲ್ಲ ಅತ್ತೆ," ಎಂದ.

ಅದು ನಿಜವೋ, ನನಗಾಗಿ ಹೇಳಿದ್ದೋ, ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ದಿವ್ಯ ಮೂರು ವಾರ ರಜೆಯ ಮೇಲೆ ಬಂದಳು. ಕುಮಟೆಯಲ್ಲಿ ಹೊರದೇಶದ ಕಾಗದ ಪತ್ರ ಮಾಡಿಸಿಕೊಡುವ ರಾಜೀವ ಎನ್ನುವವನು ಇದ್ದ. ಮೂವರೂ ಬಸ್ಸಿನಲ್ಲಿ ಹೋದೆವು. ಮಹಡಿ ಮೇಲೆ ಸಣ್ಣ ಕೋಣೆ, ಎ.ಸಿ. ಹಾಕಿ ಕೂತಿದ್ದ. ಕಾಗದ ಎಲ್ಲ ನೋಡಿ ನಕ್ಕ.

"ಇದೆಂತ ದೊಡ್ಡ ವಿಷ್ಯ ಅಲ್ಲ. ಹುಡುಗಿ ಹ್ಯಾಂಗೂ ಬಂದಿದ್ದಾಳೆ. ಹೊನ್ನಾವರದಲ್ಲಿ ಒಂದು ಹಾಲ್ ತಗೊಳ್ಳುವ. ಮಂಟಪ, ಬಾಸಿಂಗ, ಒಂದು ಐವತ್ತು ಜನ. ಫೋಟೋಗ್ರಾಫರ್ ನಮ್ಮವ್ನೇ ಇದ್ದಾನೆ. ತಾರೀಕು ಹಿಂದಿಂದು ಹಾಕಿ ಆಲ್ಬಂ ಮಾಡಿಕೊಡ್ತಾನೆ. ಎಲ್ರೂ ಮಾಡ್ತಾರೆ ಅಮ್ಮಾ."

ನನಗೆ ಎದೆಯ ಕಲ್ಲು ಇಳಿದ ಹಾಗಾಯಿತು. ನಾನು ಕೆಡಿಸಿದ್ದನ್ನು ಸರಿ ಮಾಡಲು ದಾರಿ ಸಿಕ್ಕಿತು. "ಆತು, ಮಾಡಿ," ಎಂದೆ. ದಿವ್ಯ ಗಂಡನ ಮುಖ ನೋಡಿದಳು. ಅವನು "ಕೇಳಿ ಹೇಳ್ತೆ," ಎಂದು ಎದ್ದ. ಯಾರನ್ನು ಕೇಳುವುದು? ಕೇಳಬೇಕಾದವರೆಲ್ಲ ಅಲ್ಲೇ ಕೂತಿದ್ದೆವು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ದಿವ್ಯ ಶುರು ಮಾಡಿದಳು.

"ಹೂಂ ಅಂದ್ಬಿಡಿ. ಒಂದು ದಿನದ ನಾಟ್ಕ. ಎರಡು ತಿಂಗ್ಳಲ್ಲಿ ಇನ್ನು ಉಳಿದದ್ದು ಐದು ವಾರ."

"ಮದುವೆ ಒಂದ್ಸಲ ಆಗ್ಯದೆ ದಿವ್ಯ."

"ಆಗ್ಯದೆ ಅಂತ ನಿಮಗೆ ಗೊತ್ತು, ನಂಗೆ ಗೊತ್ತು. ಅವ್ರಿಗೆ ಗೊತ್ತಿಲ್ವಲ್ಲ!"

"ಗೊತ್ತಿಲ್ದಿದ್ರೆ ಹೇಳುವ."

"ಎಂತ ಹೇಳೂದು? ಅಲ್ಲಿ ಒಬ್ಳೇ ಉಂಡು, ಒಬ್ಳೇ ಮಲ್ಗಿ, ನಂಗೆ ಸಾಕಾಗ್ಯದೆ ಅಂತ ಹೇಳೂದಾ?"

ಅವಳು ಅತ್ತಳು. ನನಗೆ ಸಿಟ್ಟು ಬಂತು. "ನಿಂದು ಬರೀ ಹಠ ತಮಾ. ಹೆಂಡ್ತಿಗಿಂತ ಹಠ ದೊಡ್ಡದಾ ನಿಂಗೆ?" ಎಂದೆ.

ಅವನು ನನ್ನ ಕಡೆ ತಿರುಗಿದ. ಅವನು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆಗಲೂ ಏರಿಸಲಿಲ್ಲ.

"ಅತ್ತೆ, ಮಾವ ಸತ್ತಿದ್ದಕ್ಕೆ ಮದುವೆ ಹಂಗೆ ಆತು. ಈಗ ವಾಲಗ ಊದ್ಸಿ, ಮಂಟಪ ಕಟ್ಸಿ, ಆ ದಿನವೇ ಹಿಂಗೆ ಆಗಿತ್ತು ಅಂತ ತೋರ್ಸಿದ್ರೆ ಎಂತ ಅರ್ಥ? ಮಾವ ಸಾಯ್ಲೇ ಇಲ್ಲ ಅಂತ. ಇಲ್ಲಾ, ಸತ್ತ್ರೂ ನಮಗೆ ಎಂತ ಆಗ್ಲಿಲ್ಲ ಅಂತ. ಅದು ನನ್ನ ಕೈಲಾಗ. ವೀಸಾ ಸಿಗದಿದ್ರೆ ಇನ್ನೂ ಕಾಯ್ತೆ."

ನಾನು ಒಳಗೆ ಹೋದೆ. ಎರಡು ದಿನ ಅನ್ನ ಬಡಿಸಿದರೆ ಉಣ್ಣುತ್ತಿದ್ದೆವು. ಅವನು ಮೀನು ತಂದು ಕೊಡುತ್ತಿದ್ದ, ನಾನು ತೆಗೆದುಕೊಳ್ಳುತ್ತಿದ್ದೆ. ಅವನ ಮಾತು ಕಿವಿಯಲ್ಲೇ ಇತ್ತು. ನಾನು ಆ ದಿನ ಫೋನ್ ಕಸಿದುಕೊಂಡದ್ದು ಎಂತಕ್ಕೆ? ನನ್ನ ಗಂಡ ಸತ್ತಿದ್ದಾರೆ, ಅದು ಎಲ್ಲರಿಗೂ ಗೊತ್ತಿರಲಿ ಎಂದೇ ಅಲ್ಲವೇ? ಅದನ್ನೇ ಈಗ ನಾನು ಮುಚ್ಚಲು ಹೊರಟಿದ್ದೆ. ಎಲ್ಲಿಂದಲೋ ಬಂದ ಹುಡುಗ ಬೇಡ ಎನ್ನುತ್ತಿದ್ದ.

ಮೂರನೇ ದಿನ ಬೆಳಿಗ್ಗೆ ಟ್ರಂಕ್ ತೆಗೆದೆ. ನನ್ನ ಗಂಡನ ಮರಣದ ದಾಖಲೆ ಅಲ್ಲಿತ್ತು. ಶಿವ ಪಂಚಾಯ್ತಿಯಿಂದ ತಂದುಕೊಟ್ಟಾಗ ಮಡಿಸಿ ಸೀರೆಯ ಕೆಳಗೆ ಇಟ್ಟಿದ್ದೆ. ಬಿಡಿಸಿ ನೋಡಿರಲಿಲ್ಲ. ಅಂದೂ ನೋಡದೆ ಹಾಗೇ ತಂದು ನಿತ್ಯಾನಂದನ ಮುಂದೆ ಇಟ್ಟೆ.

"ಇದ್ನ ಕಳ್ಸು. ಸತ್ತ ತಾರೀಕು ಅದ್ರಲ್ಲಿ ಅದೆ. ಮದುವೆ ತಾರೀಕು ನಿನ್ನ ಹತ್ರ ಅದೆ. ಎರಡೂ ಒಟ್ಟಿಗೆ ಇಟ್ಟು ನೋಡ್ಲಿ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ದಿವ್ಯ ಬಂದು ನನ್ನ ಪಕ್ಕ ಕೂತಳು.

"ನೀವೇ ಒಂದು ಕಾಗದ ಬರೀಬೇಕು ಅತ್ತೆ. ಫೋಟೋ ಎಂತಕ್ಕೆ ಇಲ್ಲ ಅಂತ. ತೆಗೂಕೆ ಬಿಡದೇ ಇದ್ದದ್ದು ನೀವಲ್ದಾ?" ಎಂದ. ಅವನ ಮೀಸೆಯ ತುದಿಯಲ್ಲಿ ಸಣ್ಣ ನಗೆ ಇತ್ತು.

"ನಾ ನಾಲ್ಕನೇ ಇಯತ್ತೆಗೆ ಬಿಟ್ಟವ್ಳು. ಆ ದೇಶದವ್ರಿಗೆ ನಾ ಎಂತ ಬರೀಲಿ?"

"ನೀವು ಪೇಟೇಲಿ ಮಾತಾಡ್ದಂಗೆ ಬರೀರಿ. ಬೈಗಳು ಮಾತ್ರ ಬಿಡಿ," ಎಂದಳು ದಿವ್ಯ.

ನಾಲ್ಕು ಪುಟ ಬರೆದೆ. ಎರಡು ದಿನ ಹಿಡಿಯಿತು. ಗಂಡ ಹೇಗೆ ಹೋದರು, ನಮ್ಮಲ್ಲಿ ಪದ್ಧತಿ ಏನು, ಹದಿನಾಲ್ಕು ಜನ ಯಾರು ಯಾರು, ಏನು ಅಡುಗೆ, ಫೋನ್ ಹೇಗೆ ಕಸಿದೆ. ದಿವ್ಯ ಹೋದ ಹದಿನೈದು ದಿನಕ್ಕೆ ಬಂದ ಈ ಹುಡುಗ ಇಂದಿಗೂ ನನ್ನ ಮನೆಯಲ್ಲೇ ಇದ್ದಾನೆ ಎಂದೂ ಬರೆದೆ. ಕುಮಟೆಯಲ್ಲಿ ಬೇರೊಬ್ಬರು ವಕೀಲರು ಅದನ್ನು ಇಂಗ್ಲಿಷಿಗೆ ಮಾಡಿಸಿ ಮುದ್ರೆ ಹಾಕಿಸಿದರು. ಪೂಜೆ ಮಾಡಿಸಿದ ಭಟ್ಟರು ಸಹಿ ಹಾಕಿದರು. ಮಾವಿನಕುರ್ವೆಯಿಂದ ಅವನ ಮೂವರು ಅಣ್ಣಂದಿರು ಬಂದು ಸಹಿ ಹಾಕಿದರು. ಆ ದಿನ ಹದಿನಾಲ್ಕು ಜನಕ್ಕೆ ಅನ್ನ ಬೇಯಿಸಿದವಳು ಮಾದೇವಿ. ಅವಳ ಸಹಿಯೂ ಬೇಕು ಎಂದರು ವಕೀಲರು. ನಾನು ಪೇಟೆಗೆ ಹೋಗಿ ಕೇಳಿದೆ.

"ಎಂತ ಬರ್ಸಿದ್ದೆ ನನ್ನ ಹೆಸ್ರಲ್ಲಿ?"

"ಇವ್ರಿಬ್ರು ಗಂಡ ಹೆಂಡ್ತಿ ಹೌದು, ನಾ ಕಣ್ಣಾರೆ ನೋಡಿದ್ದೆ ಅಂತ."

"ಸೊಸೆ ಅಂತ ಬರೀಲಿಲ್ಲ ಅಲ್ದಾ?"

"ನಿನ್ನ ಬಾಯಿಗೆ ಉಪ್ಪು ಹಾಕ."

ಕೈಯ ಮೀನಿನ ಪೊರೆ ಒರೆಸಿಕೊಂಡು, ನಾಲಿಗೆ ಕಚ್ಚಿ ಹಿಡಿದು, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು. ಕಾಗದದಲ್ಲಿ ಒಂದು ಪೊರೆ ಅಂಟಿಕೊಂಡಿತು. ವಕೀಲರು ಉಗುರಿನಿಂದ ಕೆರೆದು ತೆಗೆದರು.

ದಿವ್ಯ ವಾಪಸು ಹೋದಳು. ಅವಧಿ ಮುಗಿಯಲು ಒಂಬತ್ತು ದಿನ ಇರುವಾಗ ಮೇಲ್ಮನವಿ ಹೋಯಿತು. ಆಮೇಲೆ ಮತ್ತೆ ಕಾಯುವುದು. ಒಂದೂವರೆ ವರ್ಷ.

ಆ ಒಂದೂವರೆ ವರ್ಷದಲ್ಲಿ ಅವನು ಮಾಡಿದ್ದನ್ನು ಬರೆದರೆ ದೊಡ್ಡದೇನೂ ಕಾಣುವುದಿಲ್ಲ. ಬೋಟಿಗೆ ಹೋದ. ಬಂದ. ಮಾಡಿನ ಹಂಚು ಬದಲಿಸಿದ. ಬೋಟು ನಿಂತ ದಿನಗಳಲ್ಲಿ ಅರ್ಚಿತಾಳ ಹತ್ತಿರ ಕೂತು ಇಂಗ್ಲಿಷ್ ಕಲಿತ. ಅವಳು ಕಾಲೇಜಿನವಳು, ಇವನು ತಪ್ಪು ಹೇಳಿದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವನೂ ನಗುತ್ತಿದ್ದ. ಮತ್ತೆ ಹೇಳುತ್ತಿದ್ದ. ಎಲ್ಲಾದರೂ ಮದುವೆಗೆ ಕರೆದರೆ ಒಬ್ಬನೇ ಹೋಗಿ ಉಂಡು ಬರುತ್ತಿದ್ದ. ಹೆಂಡತಿ ಎಲ್ಲಿ ಎಂದರೆ ಐರ್ಲೆಂಡಿನಲ್ಲಿ ಎನ್ನುತ್ತಿದ್ದ. ನೀನು ಯಾವಾಗ ಎಂದರೆ ಕಾಗದ ಬಂದಾಗ ಎನ್ನುತ್ತಿದ್ದ. ತಲೆ ತಗ್ಗಿಸಿದ್ದು ನಾನು ಕಂಡಿಲ್ಲ. ಕುಡಿದು ಬಂದದ್ದು ಕಂಡಿಲ್ಲ. ಒಂದು ಸಲ ಮಾತ್ರ, ದಿವ್ಯಳಿಗೆ ಜ್ವರ ಎಂದು ತಿಳಿದ ದಿನ, ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದ. ನಾನು ಗಂಜಿ ತೆಗೆದುಕೊಂಡು ಹೋಗಿ ಕೊಟ್ಟೆ. ಉಂಡ.

ನನಗೆ ಗಂಡು ಮಕ್ಕಳಿಲ್ಲ. ಎರಡನೇ ವರ್ಷದ ತಿಥಿಗೆ ಭಟ್ಟರು ಬಂದರು. ಮೊದಲ ವರ್ಷ ಮಾಡಿದ ಶಿವ ಆಗ ಕಾಲು ಮುರಿದುಕೊಂಡು ಮಲಗಿದ್ದ. ಯಾರು ಕೂರುವುದು ಎಂದು ಭಟ್ಟರು ಕೇಳಿದರು. ನಿತ್ಯಾನಂದ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದು ಕೂತ. ಕೂರು ಎಂದು ನಾನು ಹೇಳಿರಲಿಲ್ಲ. ಮಾವನ ಹೆಸರು ಹೇಳಿ ಪಿಂಡ ಇಟ್ಟ. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಗಂಡ ಬಂದರದಲ್ಲಿ ಅರ್ಧ ದಿನ ಕೂತು ಕಂಡದ್ದು ನನಗೆ ಎರಡು ವರ್ಷದ ಮೇಲೆ ಕಂಡಿತು. ಹುಟ್ಟಿಸಿದ ಮಗ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ದಿವ್ಯ ಫೋನ್ ಮಾಡಿದಳು. ಅವನು ಸಮುದ್ರದಲ್ಲಿದ್ದ, ಫೋನ್ ಸಿಗಲಿಲ್ಲ, ಅದಕ್ಕೆ ನನಗೆ ಮಾಡಿದ್ದಳು. ಮೇಲ್ಮನವಿ ಒಪ್ಪಿದ್ದಾರೆ. ವೀಸಾ ಕೊಡುತ್ತಾರೆ. ಕಾರಣ ಏನೂ ಬರೆದಿಲ್ಲ. ನನ್ನ ನಾಲ್ಕು ಪುಟ ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಓದದಿದ್ದರೂ ಅದರಲ್ಲಿದ್ದದ್ದು ನಿಜ.

ನಾನು ದಕ್ಕೆಗೆ ಹೋದೆ. ನನ್ನ ಗಂಡ ಅಲ್ಲಿ ಬಿದ್ದು ಹೋದ ಮೇಲೆ ಆ ಜಾಗಕ್ಕೆ ನಾನು ಕಾಲಿಟ್ಟಿರಲಿಲ್ಲ. ಮೀನು ಬೇರೆಯವರ ಕೈಯಲ್ಲಿ ತರಿಸುತ್ತಿದ್ದೆ. ನಾಲ್ಕು ಗಂಟೆಗೆ ಬೋಟು ಬಂತು. ನಿತ್ಯಾನಂದ ಹಗ್ಗ ಹಿಡಿದು ಮುಂದೆ ನಿಂತಿದ್ದ. ನಾನು ಅಲ್ಲಿ ನಿಂತದ್ದು ನೋಡಿ ಅವನ ಮುಖ ಬಿಳಿಚಿತು.

"ಎಂತ ಆತು ಅತ್ತೆ? ದಿವ್ಯ?"

"ದಿವ್ಯ ಅರಾಮ ಇದ್ದಾಳೆ. ವೀಸಾ ಬಂತು ತಮಾ."

ಅವನು ಹಗ್ಗ ಕಟ್ಟಿದ. ಗಂಟು ಬಿಗಿದು ನೋಡಿದ.

"ಮೀನು ಇಳ್ಸಿ ಬತ್ತೆ. ಐಸ್ ಕರಗ್ತದೆ," ಎಂದ.

ಎಲ್ಲ ಮೀನು ಇಳಿಸಿದ. ಬೋಟಿನವರಿಗೆ ಅಲ್ಲಿಯವರೆಗೆ ಒಂದು ಮಾತು ಹೇಳಲಿಲ್ಲ. ಆಮೇಲೆ ಕೈ ತೊಳೆದು ಬಂದು ನನ್ನ ಪಕ್ಕ ನಿಂತು ಫೋನ್ ತೆಗೆದ. ಒದ್ದೆ ಬೆರಳಲ್ಲಿ ಒತ್ತಿದ್ದು ಹತ್ತಲಿಲ್ಲ. ನಾನು ಒತ್ತಿ ಕೊಟ್ಟು ದೂರ ಹೋದೆ.

ಡಿಸೆಂಬರ್ ಮೊದಲ ವಾರ ಹೋದ. ಬೋಟಿಗೆ ಬೇರೆ ಜನ ಸಿಗುವವರೆಗೆ ಹತ್ತು ದಿನ ನಿಂತ. ದಿವ್ಯ ಫೋನಿನಲ್ಲಿ ಬೈದಳು, ನಾನು ಎದುರಿಗೇ ಬೈದೆ. ಕೈಚೀಲದಲ್ಲಿ ಎಲ್ಲ ಕಾಗದ ಇಟ್ಟುಕೊಂಡ: ನೋಂದಣಿ, ಸಹಿಗಳು, ಮರಣದ ದಾಖಲೆ, ಒಂದರ ನಾಲ್ಕು ನಕಲು. ದಾರಿಯಲ್ಲಿ ಯಾರು ಎಲ್ಲಿ ಕೇಳುತ್ತಾರೋ ಎಂದು.

ಆ ದೇಶದಲ್ಲಿ ಇಳಿದ ಮೇಲೆ ಗಾಜಿನ ಹಿಂದೆ ಕೂತ ಅಧಿಕಾರಿ, ಎಂತಕ್ಕೆ ಬಂದದ್ದು ಎಂದು ಕೇಳಿದನಂತೆ. ಇವನು ಚೀಲದ ಜಿಪ್ ಎಳೆದು ಕಾಗದದ ಕಟ್ಟು ಹೊರಗೆ ತೆಗೆಯುತ್ತಾ, ಹೆಂಡತಿ ಇಲ್ಲಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದನಂತೆ. ಅಧಿಕಾರಿ ಕಟ್ಟಿನ ಕಡೆ ನೋಡಲಿಲ್ಲವಂತೆ. ಮುದ್ರೆ ಒತ್ತಿ, ಅವಳು ಹೊರಗೆ ಕಾಯುತ್ತಿರಬಹುದು, ಹೋಗು ಎಂದನಂತೆ.